ಆರೂ ಮೂರೂ ಸೇರಿ ಎರಡು

ಬದಿಯಡ್ಕದ ಬಸ್‌ಸ್ಟ್ಯಾಂಡಿನ ಹಿಂದೆ, ಟೈಲರ್ ಅಂಗಡಿಯ ಮಾಳಿಗೆಯಲ್ಲಿ ನಾನು ಡಿಪ್ಲೊಮಾ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಸರ್ಕ್ಯೂಟ್ ಪೇಪರಿನಲ್ಲಿ ಬಿದ್ದವರೇ ಹೆಚ್ಚಾಗಿ ಮೆಟ್ಟಿಲು ಹತ್ತಿ ಬರುವುದು. ಅವಳೂ ಹಾಗೇ ಬಂದಳು. ಹತ್ತನೆಯವರೆಗೆ ಕನ್ನಡ ಮೀಡಿಯಂ, ಆಮೇಲೆ ಪಾಲಿಟೆಕ್ನಿಕ್‌ನಲ್ಲಿ ಮಲಯಾಳದಲ್ಲಿ ಪಾಠ, ನಡುವೆ ಮದುವೆ, ಮಗು. ಉಳಿದದ್ದು ಇದೊಂದೇ ಪೇಪರ್, ಇದೇ ಕೊನೆಯ ಅವಕಾಶ. ತಪ್ಪಿದರೆ ಡಿಪ್ಲೊಮಾ ಇಲ್ಲ.

ನನಗೆ ತಾಳ್ಮೆ ಕಡಿಮೆ. ಅವಳೋ ನಿಧಾನ. ಒಂದೊಂದು ನೋಡ್‌ಗೂ, ಅಂದರೆ ತಂತಿಗಳು ಕೂಡುವ ಒಂದೊಂದು ಬಿಂದುವಿಗೂ, ಸಮೀಕರಣ ಬರೆಯುವಷ್ಟರಲ್ಲಿ ನನ್ನ ಚಾ ತಣ್ಣಗಾಗಿರುತ್ತಿತ್ತು. "ಮೊದಲು ಪ್ಯಾರಲಲ್ ರೆಸಿಸ್ಟರುಗಳನ್ನೆಲ್ಲ ಸೇರಿಸಿ ಒಂದು ಮಾಡು ಮಾರಾಯ್ತಿ, ಚಿತ್ರ ಸಣ್ಣದಾಗ್ತದೆ" ಎಂದು ಗದರಿದೆ. ಅವಳು ಅದನ್ನು ಬರೆದುಕೊಂಡು ಅಡಿಗೆರೆ ಎಳೆದಳು. ಡಿಪೆಂಡೆಂಟ್ ಸೋರ್ಸ್ ಇದ್ದಲ್ಲಿ ಹಾಗೆ ಕಣ್ಣುಮುಚ್ಚಿ ಸೇರಿಸಬಾರದು. ಅದರ ವೋಲ್ಟೇಜ್ ಬೇರೊಂದು ರೆಸಿಸ್ಟರಿನ ಕರೆಂಟನ್ನು ನಂಬಿಕೊಂಡಿರುತ್ತದೆ. ಆ ರೆಸಿಸ್ಟರನ್ನು ಹಾಗೇ ಬಿಡಬೇಕು. ಇದು ನನಗೆ ಗೊತ್ತಿತ್ತು. ಹೇಳಲಿಲ್ಲ, ಅಷ್ಟೆ.

ಪರೀಕ್ಷೆ ಮುಗಿಸಿ ನೇರ ನನ್ನಲ್ಲಿಗೇ ಬಂದಳು. "ಎಲ್ಲ ಬಂತು ಟೀಚರ್! ದೊಡ್ಡ ಪ್ರಶ್ನೆ ಎರಡೂ ಡಿಪೆಂಡೆಂಟ್ ಸೋರ್ಸಿನದ್ದೇ. ನೀವು ಹೇಳಿದ ಹಾಗೇ ಮೊದಲು ಸೇರಿಸಿ ಒಂದು ಮಾಡಿದೆ."

ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಗೀಚಿದ್ದಳು. ಆರು ಓಮ್, ಮೂರು ಓಮ್ ಪ್ಯಾರಲಲ್‌ನಲ್ಲಿ ಸೇರಿ ಎರಡು, ಅಷ್ಟು ಲೆಕ್ಕ ಸರಿಯೇ. ಸೋರ್ಸ್ ನಂಬಿದ್ದು ಮೂರರ ಕರೆಂಟನ್ನು ಮಾತ್ರ. ಅವಳು ಹಿಡಿದದ್ದು ಎರಡರದ್ದನ್ನು. ಮುಂದಿನ ಸಾಲುಗಳೆಲ್ಲ ಅಚ್ಚುಕಟ್ಟಾಗಿದ್ದವು, ಉತ್ತರ ಮಾತ್ರ ತಪ್ಪು. ಇನ್ನೊಂದರಲ್ಲೂ ಹಾಗೇ.

"ಸರಿ ಉಂಟಾ ಟೀಚರ್?"

"ಸರಿ ಉಂಟು" ಎಂದೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ.

ಫಲಿತಾಂಶ ಬಂತು, ಅವಳು ಫೇಲಾಗಿದ್ದಳು. ನನ್ನ ಮಾತು ನಂಬಿ ಮರುಮೌಲ್ಯಮಾಪನಕ್ಕೆ ಹಾಕಿದಳು. ಅಂಕ ಬದಲಾಗಲಿಲ್ಲ. ಈಗ ಕುಂಬಳೆಯ ಬಟ್ಟೆ ಅಂಗಡಿಯೊಂದರಲ್ಲಿ ಸೇಲ್ಸಿಗೆ ನಿಂತಿದ್ದಾಳೆ. ಅದು ಗೊತ್ತಿಲ್ಲದೆ ಮೊನ್ನೆ ದಿಂಬಿನ ಕವರಿಗೆಂದು ಒಳಹೊಕ್ಕೆ. ನನ್ನನ್ನು ಕಂಡವಳೇ ಅರಳಿದ ಮುಖದಲ್ಲಿ ಜೊತೆಯ ಹುಡುಗಿಯನ್ನು ಕರೆದಳು.

"ನಾನು ಹೇಳಿದ್ದೆನಲ್ಲ, ಇವರೇ ನನ್ನ ಟೀಚರ್. ನನ್ನ ಉತ್ತರ ಸರಿ ಇತ್ತು, ಪೇಪರ್ ನೋಡಿದವರದ್ದೇ ತಪ್ಪು. ಬೇಕಾದ್ರೆ ಇವರ ಹತ್ರವೇ ಕೇಳು."

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.