ಹಿಮ್ಮುಖವಾಗಿ ಏರಿದ ದಿಬ್ಬಣ

ಇಳಿಜಾರಿನಲ್ಲಿ ಯಾರಾದರೂ ಕಾರು ನಿಲ್ಲಿಸಿದರೆ ನನ್ನ ಕಣ್ಣು ಮೊದಲು ಓಡುವುದು ಗಾಲಿಯ ಕಡೆಗೆ: ಅದನ್ನು ದಾರಿ ಬದಿಯ ಮಣ್ಣಿನ ಬರೆಯತ್ತ ತಿರುಗಿಸಿದ್ದಾರೋ, ಒಂದು ಅಡ್ಡಕಲ್ಲಾದರೂ ಕೊಟ್ಟಿದ್ದಾರೋ ಎಂದು. ಸ್ಟಿಯರಿಂಗ್ ಮುಟ್ಟದ ಮುದುಕಿಗೆ ಈ ಉಸಾಬರಿ ಯಾಕೆಂದು ನೀವು ನಗಬಹುದು. ನಗಿ, ಆದರೆ ನಾನು ಗಂಡನ ಮನೆಗೆ ಬಂದ ಬಗೆಯನ್ನು ಕೇಳಿದ ಮೇಲೆ ನಗಿ.

ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ. ನನ್ನವರು ಗಾಳಿಬೀಡಿನ ಕಾಫಿ ಎಸ್ಟೇಟೊಂದರಲ್ಲಿ ಬಿಳಿ ದೊರೆಯ ಕಾರು ಓಡಿಸುತ್ತಿದ್ದರು. ಮದುವೆಗೆಂದು ದೊರೆ ಅದನ್ನೇ ಕೊಟ್ಟಿದ್ದ. ಪೇಟ ಸುತ್ತಿದ ಮದುಮಗನೇ ಚಾಲಕ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅಪ್ಪ. ಗಂಡನ ಮನೆಯ ಕೆಳಗಿನ ಏರುದಾರಿಗೆ ಬರುವಷ್ಟರಲ್ಲಿ ಮಳೆ ಹೊಯ್ದು ಮಣ್ಣು ಬೆಣ್ಣೆಯಾಗಿತ್ತು. ಊರಿನ ಉಳಿದ ಕಾರುಗಳನ್ನೆಲ್ಲ ಹಿಂದಿನ ಗಾಲಿಗಳು ತಳ್ಳಿದರೆ, ವಿಲಾಯತಿಯ ಈ ವಿಚಿತ್ರವನ್ನು ಮುಂದಿನ ಗಾಲಿಗಳು ಎಳೆಯಬೇಕು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲಿದಾಗ ಅವು ನೆಲ ಕಚ್ಚದೆ ಸುಮ್ಮನೆ ಸುತ್ತಿದವು. ಅಪ್ಪ ಇಳಿದು ತಳ್ಳಿದರು, ಜಾರಿ ಕೆಸರಿನಲ್ಲಿ ಮಿಂದರು. ಕೊನೆಗೆ ನನ್ನವರು ಕಾರನ್ನು ತಿರುಗಿಸಿ, ಕತ್ತು ಹೊರಳಿಸಿಕೊಂಡು, ಹಿಮ್ಮುಖವಾಗಿಯೇ ಹತ್ತಿಸತೊಡಗಿದರು. ಈಗ ಭಾರವೆಲ್ಲ ಎಳೆಯುವ ಗಾಲಿಗಳ ಮೇಲೆ ಬಿದ್ದು, ಕಾರು ಸಾಧು ಹಸುವಿನಂತೆ ಏರಿತು. ಮುಂದಿನ ಗಾಜಿನಾಚೆ, ನನ್ನತ್ತಲೇ ಮುಖ ಮಾಡಿ, ಅಪ್ಪ ಕೆಳಗಿನಿಂದ ನಡೆದು ಬರುತ್ತಿದ್ದರು.

ಅಂಗಳದಲ್ಲಿದ್ದವರಿಗೆ ಮೊದಲು ಕಂಡದ್ದು ನಮ್ಮ ಬೆನ್ನು. ಮಾವನವರ ಅಣ್ಣ ಗುಡುಗಿದರು: "ಎಂತ ಅನಿಷ್ಟ ಇದು! ಹೊಸ ಸೊಸೆ ಮನೆಗೆ ಬೆನ್ನು ಹಾಕ್ಕೊಂಡು ಬರೋದಾ?"

ಬಲಗಾಲಿಡುವ ಮೊದಲೇ ಅನಿಷ್ಟದವಳೆಂಬ ಹೆಸರು ಅಂಟಿದರೆ, ಮುಂದೆ ಆ ಮನೆಯಲ್ಲಿ ಹಾಲು ಒಡೆದರೂ ದನ ಕುಂಟಿದರೂ ನನ್ನ ತಲೆಗೇ ಕಟ್ಟುತ್ತಿದ್ದರು. ಅಷ್ಟರಲ್ಲಿ ಅಪ್ಪ ಏದುಸಿರು ಬಿಡುತ್ತಾ ಬಂದು, ಕೆಸರಿನ ಕೈಗಳನ್ನು ಜೋಡಿಸಿ ನಿಂತರು. ಅದನ್ನು ನೋಡಲಾರದೆ ನನಗೆ ಅಳು ಬಂತು.

ಮುಂದಕ್ಕೆ ಹೋಗುವವರ ಮುಖವೂ ಮುಂದಕ್ಕೇ ಇರಬೇಕೆಂದು ನಾವು ಯಾಕೆ ಹಟ ಹಿಡಿಯುತ್ತೇವೋ! ಬಿಟ್ಟು ಬಂದದ್ದನ್ನು ಕಣ್ತುಂಬ ನೋಡುತ್ತಲೇ ಹೊಸ ಕಡೆಗೆ ಏರುವವರು ಎಷ್ಟೋ ಜನ. ಇದನ್ನೆಲ್ಲ ನಾನು ಯೋಚಿಸಿದ್ದು ಆಮೇಲೆ. ಆ ಹೊತ್ತಿಗೆ ಅದು ಹೊಳೆದದ್ದು ಅತ್ತೆಗೆ.

ಆರತಿ ತಟ್ಟೆ ಹಿಡಿದಿದ್ದ ಅವರು ಕಾರಿನ ಪಕ್ಕಕ್ಕೆ ಬಂದು, ನನ್ನನ್ನೂ ಅಪ್ಪನನ್ನೂ ನೋಡಿದರು. "ಬೆನ್ನೆಲ್ಲಿ ಹಾಕಿದ್ದಾಳೆ ಭಾವಯ್ಯ? ಅಪ್ಪನ ಮುಖ ನೋಡ್ಕೊಂಡು ಬಂದಿದ್ದಾಳೆ. ನಾನು ಈ ಮನೆಗೆ ಬರುವಾಗ ತಿರುಗಿ ನೋಡ್ಬೇಡ ಅಂದಿದ್ರು. ಇವಳಿಗಾದ್ರೂ ಆ ಭಾಗ್ಯ ಬಂತಲ್ಲ."

ದೊಡ್ಡ ಮಾವ ಬದಿಗೆ ಸರಿದು ದಾರಿ ಬಿಟ್ಟರು. ನನ್ನವರು ಮುಜುಗರದಿಂದ ಕಾರನ್ನು ತಿರುಗಿಸಿ ನಿಲ್ಲಿಸಲು ಹೊರಟಾಗ ಅತ್ತೆ ಗದರಿದರು: "ಬೇಡ ಮಗಾ, ಕಾರಿನ ಮುಖ ಕೆಳಗೇ ಇರ್ಲಿ. ಇವಳಿಗೆ ತವರು ನೆನಪಾದಾಗ ಹೊರಡೋಕೆ ಸಲೀಸು."

ನನ್ನವರು ಗಾಲಿಯನ್ನು ಬರೆಯ ಕಡೆಗೆ ತಿರುಗಿಸಿ, ಇಳಿದು ಅಡ್ಡಕಲ್ಲು ಕೊಟ್ಟರು. ಅತ್ತೆ ಬಾಗಿಲು ತೆರೆದು ಕೈ ನೀಡಿದರು. ಆ ಕೈ ಹಿಡಿದು, ಹೆದರಿಕೆಯಿಲ್ಲದೆ, ನಾನು ಇಳಿದೆ.