ಬರಿ ತಕ್ಕಡಿ ತೋರಿಸಿದ ಹೇಮಾವತಿ ಮೇಡಂ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು ಅನೇಕರಿದ್ದಾರೆ; ಅದನ್ನು ಕರಿಹಲಗೆಯಿಂದ ಇಳಿಸಿ ಮೈಕ್‌ಸೆಟ್ ಅಂಗಡಿಯ ಮೇಜಿನ ಮೇಲೆ ಕೂರಿಸಿದ ಕೀರ್ತಿ ಮಾತ್ರ ಶ್ರೀಮತಿ ಹೇಮಾವತಿಯವರಿಗೇ ಸಲ್ಲಬೇಕು. ಮೈಕನ್ನು ಉಫ್ ಎಂದು ಊದಿ, ಬೆರಳಿನಿಂದ ಕುಟ್ಟಿ, ಹಲೋ ಅಂದರೆ ಪರೀಕ್ಷೆ ಮುಗಿಯಿತೆಂದು ನಂಬಿದ್ದ ಜನಕ್ಕೆ, ಆಂಪ್ಲಿಫೈಯರಿನ ಗುಣದೋಷಗಳನ್ನು ಮನೆಯ ಕಂಪ್ಯೂಟರಿನಲ್ಲೇ ಅಳೆಯಬಹುದೆಂದು ತೋರಿಸಿಕೊಟ್ಟವರು ಅವರು. ಅವರು ನಿವೃತ್ತರಾಗುತ್ತಿರುವ ಈ ಶುಭಸಂದರ್ಭದಲ್ಲಿ ಅವರ ಜಾಣತನವನ್ನು ಹೊಗಳುವವರು ಈ ಅಭಿನಂದನ ಸಂಪುಟದಲ್ಲಿ ಬಹಳ ಮಂದಿ ಇರುವುದರಿಂದ, ಇಲ್ಲಿ ಅವರ ಒಂದು ತಪ್ಪನ್ನು ಅಭಿನಂದಿಸಲಾಗಿದೆ.

ಮೇಡಂ ಹುಟ್ಟಿದ್ದು ಪಂಚನಹಳ್ಳಿಯಲ್ಲಿ, ತೆಂಗು ಬೆಳೆಯುವ ಲಕ್ಕಣ್ಣನವರ ಮಗಳಾಗಿ. ಕೊಬ್ಬರಿ ಕೊಳ್ಳಲು ಬಂದ ವ್ಯಾಪಾರಿ ತೂಗುವ ಮೊದಲು ಬರಿ ತಕ್ಕಡಿಯನ್ನು ಎತ್ತಿ ಹಿಡಿದು, ಮುಳ್ಳು ನೆಟ್ಟಗೆ ನಿಂತದ್ದನ್ನು ತೋರಿಸದಿದ್ದರೆ ಲಕ್ಕಣ್ಣನವರು ಚೀಲದ ಬಾಯಿ ಬಿಚ್ಚುತ್ತಿರಲಿಲ್ಲವಂತೆ. ಸಖರಾಯಪಟ್ಟಣದ ಹೈಸ್ಕೂಲಿನಲ್ಲಿ ವೃತ್ತಿ ಆರಂಭಿಸಿದಾಗ ಮೇಡಂ ಸ್ಪೀಕರಿನ ಮೇಲೆ ತಟ್ಟೆಯಿಟ್ಟು, ರಾಗಿಕಾಳು ಹರಡಿ, ಸದ್ದಿಗೆ ಕಾಳು ಕುಣಿಯುವುದನ್ನು ತೋರಿಸಿದ್ದನ್ನು ಆ ಊರಿನ ಹಳೆಯ ವಿದ್ಯಾರ್ಥಿಗಳು ಇಂದಿಗೂ ಮರೆತಿಲ್ಲ. ಪರೀಕ್ಷೆಯ ದಿನ ಹಳ್ಳಿಯ ಹುಡುಗಿಯರು ಓಡೋಡಿ ಬರುವ ತನಕ ಕಂಡಕ್ಟರನನ್ನು ಮಾತಿಗೆಳೆದು ಬಸ್ಸು ನಿಲ್ಲಿಸಿಕೊಂಡಿದ್ದೂ ಉಂಟು. ಮುಂದೆ ಅಜ್ಜಂಪುರಕ್ಕೆ ಉಪನ್ಯಾಸಕಿಯಾಗಿ ಬಂದರು.

ಪಾಠಗಳೆಲ್ಲ ಆನ್‌ಲೈನ್ ಆದ ಕಾಲದಲ್ಲಿ ಮೇಡಂ ದನಿಯೊಂದಿಗೆ ಜೀರುಂಡೆಯ ದನಿಯೂ ಬರುತ್ತಿದೆಯೆಂದು ಮಕ್ಕಳು ದೂರಿದರು. ಆ ಜೀರುಂಡೆಯನ್ನು ಹುಡುಕಲು ಹೊರಟವರು ಅಳತೆಯ ಹುಚ್ಚಿಗೆ ಬಿದ್ದರು. ಕಂಪ್ಯೂಟರಿನಿಂದ ಒಂದು ಶುದ್ಧ ಸ್ವರವನ್ನು ಆಂಪ್ಲಿಫೈಯರಿಗೆ ಕಳಿಸುವುದು, ಹೊರಬಂದದ್ದನ್ನು ಸೌಂಡ್ ಕಾರ್ಡಿನ ಮೂಲಕ ಮರಳಿ ಪಡೆದು, ಸ್ವರಕ್ಕೊಂದು ಗೆರೆಯಂತೆ ಪರದೆಯ ಮೇಲೆ ಹರಡುವುದು. ಕಳಿಸಿದ ಸ್ವರವಲ್ಲದೆ ಬೇರೆ ಏನು ಕಂಡರೂ ಅದು ಆಂಪ್ಲಿಫೈಯರ್ ತಾನಾಗಿ ಸೇರಿಸಿದ ಕೊಸರು. ಜೋರು ಸದ್ದಿನ ಆಂಪ್ಲಿಫೈಯರನ್ನು ನೇರವಾಗಿ ಜೋಡಿಸಿ ಮೊದಲನೆಯ ಸೌಂಡ್ ಕಾರ್ಡನ್ನು ಸುಟ್ಟುಕೊಂಡ ಮೇಲೆ, ನಡುವೆ ರೆಸಿಸ್ಟರ್ ಹಾಕಿ ವೋಲ್ಟೇಜ್ ತಗ್ಗಿಸುವುದನ್ನು ಕಲಿತರು.

ತರಗತಿಗಳು ಮತ್ತೆ ತೆರೆದ ಮೇಲೆ ಕಡೂರಿನ ಕಲ್ಯಾಣ ಮಂಟಪವೊಂದಕ್ಕೆ ಹೊಸ ಆಂಪ್ಲಿಫೈಯರ್ ಬೇಕಾಯಿತು. ತರೀಕೆರೆಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿರುವ ಸನಾವುಲ್ಲಾ ಅವರು ಕೈಯಾರೆ ಕಟ್ಟಿದ್ದನ್ನು ಕೊಳ್ಳುವುದೋ, ಕಂಪನಿಯದನ್ನೋ ಎಂಬ ಚರ್ಚೆಯೆದ್ದು, ಮಂಟಪ ಸಮಿತಿಯ ಅಧ್ಯಕ್ಷರಾದ ತೀರ್ಥಪ್ಪನವರು ತೀರ್ಪನ್ನು ಮೇಡಂ ಅವರಿಗೇ ಬಿಟ್ಟರು. ಸನಾವುಲ್ಲಾ ಅವರ ಮಗಳು ಮೆಹನಾಜ್ ಅದೇ ವರ್ಷ ಮೇಡಂ ತರಗತಿಯ ಮುಂದಿನ ಬೆಂಚಿನಲ್ಲಿದ್ದಳು. ಮೇಡಂ ಸನಾವುಲ್ಲಾ ಅವರ ಸೆಟ್ಟನ್ನು ತಮ್ಮ ಮನೆಗೇ ತರಿಸಿ ಅಳೆದರು. ಪರದೆಯ ಎಡಗಡೆ, ಐವತ್ತು ಹರ್ಟ್ಸಿನ ಜಾಗದಲ್ಲಿ, ಗರುಡಗಂಬದಷ್ಟು ಎತ್ತರದ ಗೆರೆ ನಿಂತಿತು. ಕರೆಂಟಿನ ಗುಂಯ್ ಅದು.

ತಮಗೆ ಅಂಥದ್ದೇನೂ ಕೇಳಿಸುತ್ತಿಲ್ಲವಲ್ಲ ಎಂದು ಸನಾವುಲ್ಲಾ ಮೆಲ್ಲಗೆ ಹೇಳಿದಾಗ, ಹೊಸ ವಿದ್ಯೆಯ ಹುಮ್ಮಸ್ಸಿನಲ್ಲಿದ್ದ ಮೇಡಂ, "ಕಿವಿಗೆ ವಯಸ್ಸಾಗುತ್ತೆ ಸಾಹೇಬ್ರೆ, ಕಂಪ್ಯೂಟರ್‌ಗೆ ಆಗಲ್ಲ" ಅಂದುಬಿಟ್ಟರು. ಸನಾವುಲ್ಲಾ ಸೆಟ್ಟು ಗುಂಯ್‌ಗುಡುತ್ತದೆ ಎಂಬ ಸುದ್ದಿ ಬೀರೂರಿನ ತನಕ ಹಬ್ಬಿತು, ಮದುವೆಗೆ ಹೇಳಿಟ್ಟಿದ್ದವರು ಬೇರೆ ಅಂಗಡಿ ನೋಡಿಕೊಂಡರು, ಮೆಹನಾಜ್ ಹಿಂದಿನ ಬೆಂಚಿಗೆ ಹೋಗಿ ಕುಳಿತಳು. ಆ ಖಾಲಿ ಜಾಗ ನೋಡಿದಾಗಲೆಲ್ಲ ಮೇಡಂ ಅವರಿಗೆ ಪಾಠದ ಎಳೆ ತಪ್ಪುತ್ತಿತ್ತು. ಅಳತೆ ಸರಿಯೆಂದೇ ನಂಬಿದ್ದರೂ ಮನಸ್ಸಿಗೆ ಸಮಾಧಾನವಿರಲಿಲ್ಲ.

ಹೀಗಿರುವಾಗ ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿ ಕೊಳ್ಳುತ್ತ, ಅಭ್ಯಾಸಬಲದಿಂದ, "ಬರಿ ತಕ್ಕಡಿ ತೋರ್ಸಪ್ಪಾ" ಅಂದರು. ಅಂದವರು ಅಲ್ಲೇ ನಿಂತರು. ಈರುಳ್ಳಿಯನ್ನೂ ಕೊಳ್ಳದೆ ಮನೆಗೆ ಬಂದರು.

ಸನಾವುಲ್ಲಾ ಇನ್ನೂ ಒಯ್ಯದಿದ್ದ ಆಂಪ್ಲಿಫೈಯರ್ ಟವೆಲು ಹೊದ್ದು ನಡುಮನೆಯಲ್ಲೇ ಕುಳಿತಿತ್ತು. ತಂತಿಗಳನ್ನೆಲ್ಲ ಮೊದಲಿನಂತೆ ಜೋಡಿಸಿದರು, ಆದರೆ ಅದರ ಸ್ವಿಚ್ಚು ಮಾತ್ರ ಒತ್ತಲಿಲ್ಲ. ಉಸಿರೇ ಇಲ್ಲದ ಡಬ್ಬಿ. ಪರದೆಯ ಮೇಲೆ ಗರುಡಗಂಬ ಇದ್ದ ಹಾಗೇ ಇತ್ತು. ಲ್ಯಾಪ್‌ಟಾಪಿನ ಚಾರ್ಜರನ್ನು ಗೋಡೆಯಿಂದ ಕಿತ್ತರು. ಕಂಬ ಕುಸಿಯಿತು. ಆಂಪ್ಲಿಫೈಯರಿನ ಸ್ವಿಚ್ಚು ಒತ್ತಿದ ಮೇಲೂ ಅದು ಏಳಲಿಲ್ಲ. ಕಂಪ್ಯೂಟರೂ ಆಂಪ್ಲಿಫೈಯರೂ ಗೋಡೆಯ ಒಂದೇ ಅರ್ಥಿಂಗಿಗೆ ಸೇರಿದ್ದರಿಂದ ಕರೆಂಟು ಅಳತೆಯ ತಂತಿಯಲ್ಲಿ ಸುತ್ತಿ ಬಂದು ಗುಂಯ್ ಅಂದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊಬ್ಬರಿ ಲಕ್ಕಣ್ಣನ ಮಗಳು ಬರಿ ತಕ್ಕಡಿ ನೋಡದೆ ತೂಗಿದ್ದಳು.

ತಪ್ಪನ್ನು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಮೇಡಂ ಹಾಗೆ ಮಾಡಲಿಲ್ಲ. ಆಂಪ್ಲಿಫೈಯರನ್ನೂ ಲ್ಯಾಪ್‌ಟಾಪನ್ನೂ ಆಟೋದಲ್ಲಿಟ್ಟುಕೊಂಡು ಕಡೂರಿಗೆ ಹೋಗಿ, ಸಮಿತಿಯವರನ್ನೆಲ್ಲ ಸೇರಿಸಿ, ಸನಾವುಲ್ಲಾ ಅವರನ್ನೂ ಮೆಹನಾಜಳನ್ನೂ ಕರೆಸಿ, ಎಲ್ಲರ ಕಣ್ಣೆದುರು ಚಾರ್ಜರನ್ನು ಹಾಕಿ ತೋರಿಸಿದರು, ಕಿತ್ತು ತೋರಿಸಿದರು.

"ತೀರ್ಥಪ್ಪನೋರೆ, ಗುಂಯ್ ಅಂದಿದ್ದು ಇವರ ಡಬ್ಬಿ ಅಲ್ಲ, ನನ್ನ ತಕ್ಕಡಿ. ಊರೆಲ್ಲ ಕೆಟ್ಟ ಹೆಸರು ತಂದೋಳು ನಾನು. ಸರಿ ಮಾಡೋದೂ ನಂದೇ ಕೆಲ್ಸ."

ತೀರ್ಥಪ್ಪನವರು ಇಷ್ಟು ಓದಿದವರೂ ತಪ್ಪುತ್ತಾರೆಯೇ ಎಂದು ಬೆರಗಾದರು. ಓದಿದ್ದರಿಂದಲೇ ತಪ್ಪು ಪತ್ತೆಯಾಯಿತು ಎಂದು ಮೇಡಂ ನಕ್ಕರು. ಆಂಪ್ಲಿಫೈಯರ್ ಅಂದೇ ಮಂಟಪದಲ್ಲಿ ಉಳಿಯಿತು. ಮರುದಿನ ಮೆಹನಾಜ್ ಮುಂದಿನ ಬೆಂಚಿನಲ್ಲಿದ್ದಳು, ಮೇಡಂ ಕಣ್ಣು ಒರೆಸಿಕೊಂಡೇ ಹಾಜರಿ ಕೂಗಿದರು. ಅಂದಿನಿಂದ ಅವರು ಕಲಿಸುವ ಅಳತೆಗೆ ಮೊದಲ ಪಾಠ ಒಂದೇ: ಕಂಪ್ಯೂಟರಿನ ಬಾಯನ್ನು, ಅಂದರೆ ಸದ್ದು ಹೊರಡುವ ತೂತನ್ನು, ಸದ್ದು ಒಳಬರುವ ಅದರ ಕಿವಿಗೇ ಜೋಡಿಸಿ ಅದನ್ನೇ ಮೊದಲು ಅಳೆಯಬೇಕು, ಚಾರ್ಜರ್ ಕಿತ್ತಿರಬೇಕು, ಅನಂತರವಷ್ಟೇ ಇನ್ನೊಬ್ಬರ ಕೆಲಸದ ಬಗ್ಗೆ ಮಾತು.

ನಿವೃತ್ತಿಯ ನಂತರ ತರೀಕೆರೆಯ ಆ ಅಂಗಡಿಯಲ್ಲೇ ಆಸಕ್ತರಿಗೆ ಈ ವಿದ್ಯೆ ಹೇಳಿಕೊಡುವ ಸಂಕಲ್ಪ ಮೇಡಂ ಅವರದು. ಅವರಿಗೆ ಆಯುರಾರೋಗ್ಯ ಒದಗಲಿ, ಅವರ ಮೇಜಿನ ಮೇಲೆ ಬಿಚ್ಚಿದ ಡಬ್ಬಿಗಳು ಎಂದೂ ತೀರದಿರಲಿ ಎಂದು ಶಿಷ್ಯವೃಂದ ಹಾರೈಸುತ್ತದೆ. ಸಂಪುಟಕ್ಕೆ ಒಂದು ಮಾತು ಕೊಡಿರೆಂದು ಸನಾವುಲ್ಲಾ ಅವರನ್ನು ಕೇಳಿದಾಗ ಅವರು ಬೆಸುಗೆ ಹಾಕುವುದನ್ನು ನಿಲ್ಲಿಸಿ, ನಗುತ್ತ ಹೇಳಿದ್ದು ಇಷ್ಟು: "ಮೇಡಂ ಕಿವಿಗೆ ವಯಸ್ಸಾಗದೆ ಇರ್ಲಿ ಅಂತ ಬರ್ಕೊಳ್ಳಿ."