ಛತ್ರಿ ಜೇಕು ಮತ್ತು ನೀಲಕ್ಕನ ಕೈಗುಣ

ನೀಲಕ್ಕ, ನಿಮ್ಮ ಕೈಗುಣ ಕೆಟ್ಟಿತೆಂದು ಓಣಿಯಲ್ಲಿ ಮೊದಲು ಅಂದವಳು ನಾನು. ಅದು ಸುಳ್ಳೆಂದು ಗೊತ್ತಾದ ಮೇಲೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ.

ತೊಟ್ಟಿಯಲ್ಲಿದ್ದ ನನ್ನ ಛತ್ರಿ ಜೇಕು ಒಣಗತೊಡಗಿದಾಗ ನಾನು ಯಾರನ್ನು ಬಿಟ್ಟೆ ಹೇಳಿ? ಹಗರಿಬೊಮ್ಮನಹಳ್ಳಿಯ ಬಿಸಿಲನ್ನು ಅನುಮಾನಿಸಿದೆ. ಬೋರಿನ ನೀರನ್ನು, ಎದುರುಮನೆಯ ಆಡನ್ನು, ತೊಟ್ಟಿಯಲ್ಲೇ ನೀರು ಕುಡಿಯುವ ಬೆಕ್ಕನ್ನು. ಬೇಡವೆಂದರೂ ತುದಿ ಕತ್ತರಿಸುವ ನಮ್ಮ ಯಜಮಾನರನ್ನಂತೂ ಎರಡು ದಿನ ಮಾತಾಡಿಸಲಿಲ್ಲ. ನಿಮ್ಮ ಮನೆಯವರು ಹೊಲಕ್ಕೆ ಕಳೆ ಔಷಧಿ ಹೊಡೆದು ಬಂದು ಪಂಪು ತೊಳೆಯುವಾಗ ಕಿಟಕಿಯಲ್ಲಿ ನಿಂತು ಕಾವಲು ಕಾದೆ. ಕೊನೆಗೆ ಉಳಿದವರು — ನೀವು.

ಗಿಡ ತಂದದ್ದು ಹೊಸಪೇಟೆಯಿಂದ. ಕಡ್ಡಿಯಂಥ ಕಾಂಡ, ತಲೆಯ ಮೇಲೆ ಛತ್ರಿ ಬಿಚ್ಚಿದಂತೆ ಎಲೆ, ಬುಡದಲ್ಲಿ ಸದಾ ನೀರು ನಿಂತಿರಬೇಕು. ನೀವು ನೋಡಿ ನಕ್ಕಿದ್ದಿರಿ. “ಅಲ್ರೀ ಟೀಚರ್ರೆ, ಹೊಲದಾಗ ಜೇಕು ಕಿತ್ತು ಕಿತ್ತು ನಮ್ಮ ನಡ ಮುರದೈತಿ. ನೀವು ಅದಕ್ಕ ತೊಟ್ಟಿ ತಂದು ಕೂರಿಸೀರಿ. ಇನ್ನ ಹೆಸರಿಡೋದೊಂದು ಬಾಕಿ ನೋಡ್ರಿ.”

ಆದರೂ ನೆಡಿಸಿದ್ದು ನಿಮ್ಮಿಂದಲೇ. ಕರಿಬೇವಾಗಲಿ ಮಲ್ಲಿಗೆಯಾಗಲಿ, ನಮ್ಮ ಓಣಿಯಲ್ಲಿ ಬುಡಕ್ಕೆ ಮೊದಲ ಹಿಡಿ ಮಣ್ಣು ನೀಲಕ್ಕನೇ ಹಾಕಬೇಕಿತ್ತು. ಮಕ್ಕಳಿಲ್ಲದವಳೆಂದು ಶುಭಕಾರ್ಯಕ್ಕೆ ನಿಮ್ಮನ್ನು ಕರೆಯಲು ಹಿಂದೆಮುಂದೆ ನೋಡುವ ಮನೆಗಳು ಕೂಡ ಗಿಡ ನೆಡಲು ಮಾತ್ರ ಬಾಗಿಲಿಗೇ ಬಂದು ಕರೆಯುತ್ತಿದ್ದವು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಅಂದು ನೀವು ತೊಟ್ಟಿಯ ಮೇಲೆ ಬಗ್ಗಿ, ಕಂದಿದ ತುದಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಿರಿ. ನಲ್ಲಿಗೆ ಬಂದ ಹೆಂಗಸರೆಲ್ಲ ಅಲ್ಲೇ ಇದ್ದರು. ನಾನು ಅಂದೆ: “ಮುಟ್ಟಬ್ಯಾಡ್ರಿ ನೀಲಕ್ಕ. ನಿಮ್ಮ ಕೈ ಹತ್ತಿದಾಗಿಂದನ ಇದು ಒಣಗಾಕ ಹತ್ತೈತಿ.”

ನೀವು ಜಗಳಕ್ಕೆ ಬರಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಿರಿ. “ಹಂಗಾ?” ಅಂದಿರಿ, ಅಷ್ಟೆ.

ಮುಂದಿನ ಮನೆಯ ಮಲ್ಲಿಗೆಯನ್ನು ಬೇರೆ ಯಾರೋ ನೆಟ್ಟರು. ಆಮೇಲೆ ಯಾರೂ ನಿಮ್ಮನ್ನು ಕರೆಯಲೇ ಇಲ್ಲ. ಮೂಲೆಮನೆಯವರು ತೆಂಗಿನ ಸಸಿ ಇಟ್ಟ ದಿನ ನೀವು ಹೊಸ್ತಿಲಲ್ಲಿ ನಿಂತಿದ್ದಿರಿ, ಕರೆದರೆ ಬರಲು ತಯಾರಾದವರಂತೆ — ಕೈ ತೊಳೆದುಕೊಂಡು. ನಾನು ನೋಡಿ ಒಳಗೆ ಹೋದೆ.

ಆ ಹೊತ್ತಿಗಾಗಲೇ ನನಗೆ ಕಾರಣ ಗೊತ್ತಿತ್ತು. ಗಿಡ ಪೂರ್ತಿ ಒಣಗಿದ ಮೇಲೆ ತೊಟ್ಟಿಯನ್ನು ಬರಿದು ಮಾಡಿದಾಗ ಅಂಚಿನಲ್ಲಿ ಬೆಳ್ಳಗೆ ಕಂಡದ್ದನ್ನು ನಾನೇ ತೆಂಗಿನ ನಾರಿನಿಂದ ತಿಕ್ಕಿ ತೊಳೆದಿದ್ದೆ, ಯಾರಾದರೂ ನೋಡಿಯಾರೆಂದು ಬಾಗಿಲು ಹಾಕಿಕೊಂಡು. ಲೋಕದ ಮೇಲೆಲ್ಲ ಅನುಮಾನಪಡುವ ನನಗೆ ನನ್ನ ಮೇಲೆ ಮಾತ್ರ ಅನುಮಾನ ಬರಲಿಲ್ಲವಲ್ಲ! ನಿಮ್ಮ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಗೋಡೆ. ಅದನ್ನು ಸುತ್ತಿ ಬಂದು ಹೇಳಲು ಇಷ್ಟು ವರ್ಷ ಹೆದರಿದೆ — ಎಲ್ಲಿ ಬೈದೀರೋ ಎಂದಲ್ಲ, ಎಲ್ಲಿ ಸುಮ್ಮನೆ “ಹಂಗಾ?” ಅಂದುಬಿಟ್ಟೀರೋ ಎಂದು.

ಈಗ ಮತ್ತೊಂದು ಛತ್ರಿ ಸಿಕ್ಕಿದೆ. ತಲೆ ಕತ್ತರಿಸಿ, ಬಟ್ಟಲಿನ ನೀರಿನಲ್ಲಿ ತಲೆಕೆಳಗಾಗಿ ಇಟ್ಟಿದ್ದೆ. ಬಿಳಿ ಬೇರು ಬಂದಿದೆ. ನಾಳೆ ನಲ್ಲಿಯ ಹತ್ತಿರ ಎಲ್ಲರೂ ಸೇರಿದಾಗ ಅದನ್ನು ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ನೆಡುವುದು ಬಿಡುವುದು ನಿಮಗೆ ಸೇರಿದ್ದು. ನಾನು ಮಾತ್ರ ಅವರೆಲ್ಲರೆದುರು ಹೇಳಬೇಕಾದ್ದನ್ನು ಹೇಳುತ್ತೇನೆ — ಗಿಡ ಒಣಗಿಸಿದ್ದು ಬಿಸಿಲಲ್ಲ, ಬೋರಲ್ಲ, ಆಡಲ್ಲ, ಪಂಪಲ್ಲ, ನಿಮ್ಮ ಕೈಯಂತೂ ಅಲ್ಲವೇ ಅಲ್ಲ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಟ್ಟು ಮನೆಗೆ ಡೆಂಗ್ಯೂ ಬಂದೀತೆಂದು ಹೆದರಿ, ತೊಟ್ಟಿಗೆ ನೀರು ತುಂಬಿದಾಗಲೆಲ್ಲ ನಾನೇ ಹಾಕುತ್ತಿದ್ದ ಒಂದು ಹಿಡಿ ಉಪ್ಪು.